ಅಳದ ಹಲಗೆ

ನಮ್ಮ ಮನೆಗೆ ಎರಡು ಖೋಲಿ. ಬೇಸಿಗೆಯಲ್ಲಿ ಮಾತ್ರ ಮೂರು. ಆ ಮೂರನೆಯದಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ, ಎದ್ದು ನಿಂತರೆ ತಲೆ ಠಣ್ಣೆಂದು ಬಡಿಯುತ್ತಿತ್ತು. ಆದರೂ ಫರಸಿ ಕಲ್ಲಿನ ಮಾಳಿಗೆ ಕಾದು ರೊಟ್ಟಿ ಹಂಚಾಗುವ ಆ ದಿನಗಳಲ್ಲಿ ಅದರಷ್ಟು ತಂಪಿನ ಜಾಗ ಇಡೀ ಓಣಿಯಲ್ಲಿ ಇರಲಿಲ್ಲ. ಅದು ಅಂಗಳದಲ್ಲಿ ಬೋರಲು ಹಾಕಿದ ನಮ್ಮ ದೋಣಿ. ಅಫಜಲಪುರ ತಾಲೂಕಿನ ದಂಡೆಯಿಂದ ಜೇವರ್ಗಿ ತಾಲೂಕಿನ ದಂಡೆಗೆ ಜನರನ್ನು ದಾಟಿಸುವುದು ನಮ್ಮ ಮನೆಯ ಕಸುಬು. ಭೀಮಾ ನದಿ ಬತ್ತಿ ಅಲ್ಲೊಂದು ಇಲ್ಲೊಂದು ಮಡುವಾಗಿ ಉಳಿದ ಮೇಲೆ ದೋಣಿಗೆ ಕೆಲಸವಿರುವುದಿಲ್ಲವಲ್ಲ, ನಾಲ್ಕು ಎತ್ತು ಹೂಡಿ ಅದನ್ನು ಮನೆಗೆ ಎಳೆತರುತ್ತಿದ್ದರು. ನೆಂಟರು ಬಂದಂತೆ ಅದಕ್ಕೆ ಅಂಗಳ ಬಳಿದು, ರಂಗೋಲಿ ಹಾಕಿ, ನಾಲ್ಕು ದಪ್ಪ ಕಲ್ಲಿನ ಮೇಲೆ ತಳ ಮೇಲಾಗಿ ಮಲಗಿಸುತ್ತಿದ್ದರು. ಅಲ್ಲಿಂದ ಮುಂದೆ ನಮ್ಮ ಊಟ, ಜಗಳ, ಮಧ್ಯಾಹ್ನದ ನಿದ್ದೆ ಎಲ್ಲವೂ ಅದರ ಕೆಳಗೆ. ಕಟಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಮುಂದಿಟ್ಟುಕೊಂಡು ಮೇಲೆ ನೋಡಿದರೆ, ಮಳೆಗಾಲದಲ್ಲಿ ಊರವರೆಲ್ಲ ಕಾಲಿಡುವ ಹಲಗೆಗಳು ನಮ್ಮ ತಲೆಯ ಮೇಲೆ ಇರುತ್ತಿದ್ದವು. ಊರ ಗೌಡರ ಕಾಲ ಕೆಳಗೆ ಕೂತು ಉಣ್ಣುತ್ತಿದ್ದೇವೆ ಎಂದು ಅವ್ವನಿಗೆ ಹೇಳಿ ಬೈಸಿಕೊಂಡಿದ್ದೇನೆ.

ದೋಣಿ ನಡೆಸುವವರು ಅಪ್ಪ ಮತ್ತು ಶರಣಪ್ಪ ಕಾಕಾ. ಆದರೆ ಅದನ್ನು ನೀರಿಗೆ ಇಳಿಯುವಂತೆ ಮಾಡುವವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಆಳಂದದ ನಿಂಬರ್ಗಾ ಅವಳ ತವರು. ಅಲ್ಲಿ ನದಿಯೂ ಇಲ್ಲ, ದೋಣಿಯೂ ಇಲ್ಲ, ಬರೀ ತೊಗರಿ ಮತ್ತು ಜೋಳ. ಆದರೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲಗಳು ಸೋರದಂತೆ ಬಳಿಯಲು ಅವಳ ತಂದೆ ಕುಸುಬಿ ಎಣ್ಣೆಯನ್ನು ದಿನಗಟ್ಟಲೆ ಕಾಸಿ ಅಂಟಿನಂಥ ರೋಗನ ಮಾಡುತ್ತಿದ್ದರಂತೆ. ಆ ವಿದ್ಯೆಯನ್ನೇ ಈಕೆ ನಮ್ಮ ಮನೆಗೆ ತಂದಳು. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಕಬ್ಬಿಣದ ಕಡಾಯಿಯಿಟ್ಟು, ಹೊಗೆಗೆ ಕಣ್ಣು ಸಣ್ಣ ಮಾಡಿಕೊಂಡು ಎರಡು ಹಗಲು ಕೂರುತ್ತಿದ್ದಳು. ತಣ್ಣೀರಿಗೆ ಒಂದು ಹನಿ ಬಿಟ್ಟು, ಅದನ್ನು ಬೆರಳ ನಡುವೆ ಎಳೆದು, ಎಳೆ ಹರಿಯದೆ ಬಂದರೆ ಇಳಿಸು ಎನ್ನುತ್ತಿದ್ದಳು. ಪುಂಡಿಯ ಎಲೆಯನ್ನು ನಾವು ತಿಂದ ಮೇಲೆ ಅದರ ಕಡ್ಡಿಯನ್ನು ಕೊಳೆಹಾಕಿ ತೆಗೆದ ನಾರು ದೋಣಿಯ ಪಾಲು. ನಾರನ್ನು ರೋಗನದಲ್ಲಿ ಅದ್ದಿ ಹಲಗೆಗಳ ಸಂದಿಗೆ ಬಡಿದು ತುಂಬಿದರೆ, ಕೂದಲೆಳೆಯೂ ದಾಟದು. ಒಂದು ಕಟ್ಟಳೆಯಿತ್ತು: ರೋಗನ ಕುದಿಯುವಾಗ ಮನೆಯಲ್ಲಿ ಜಗಳವಾಡಕೂಡದು. ಕುದಿಯುವ ಎಣ್ಣೆಯ ಮುಂದೆ ಸಿಟ್ಟಿನ ಕೈ ಆಡಬಾರದು ಎಂಬುದು ಅದರ ಹಿಂದಿನ ಬುದ್ಧಿ ಎಂದು ಈಗ ಅನಿಸುತ್ತದೆ. ಆಗ ಮಾತ್ರ ಎಲ್ಲರೂ ತಮ್ಮ ತಮ್ಮ ಜಗಳವನ್ನು ಬಾಯಲ್ಲಿ ಹಿಡಿದುಕೊಂಡು, ಕಡಾಯಿ ಇಳಿಯುವುದನ್ನೇ ಕಾಯುತ್ತಿದ್ದರು. ಇಳಿದ ದಿನ ನಮ್ಮ ಮನೆಯ ಗದ್ದಲ ಆಚೆ ದಂಡೆಗೂ ಕೇಳುತ್ತಿತ್ತು.

ನಾನೀಗ ಹಲ್ಲಿನ ಡಾಕ್ಟರು. ಹುಳುಕು ಹಲ್ಲನ್ನು ಕೆರೆದು, ತೊಳೆದು, ಒಣಗಿಸಿ ಆಮೇಲೆ ತುಂಬಬೇಕು, ತೇವದ ಮೇಲೆ ತುಂಬಿದರೆ ಒಳಗೊಳಗೇ ಕೊಳೆಯುತ್ತದೆ ಎಂದು ಕಾಲೇಜಿನಲ್ಲಿ ಮೇಷ್ಟ್ರು ಹೇಳಿದಾಗ ಎಲ್ಲರೂ ಬರೆದುಕೊಂಡರು, ನಾನೊಬ್ಬಳು ಬಾಯಿ ತೆರೆದು ಕೂತೆ. ಇದನ್ನು ನನಗೆ ನಾಲ್ಕನೇ ಇಯತ್ತೆಯಲ್ಲೇ ಒಬ್ಬ ಮುದುಕಿ, ನಮ್ಮ ಅಂಗಳದಲ್ಲಿ, ಕಣ್ಣಿಗೆ ಪೊರೆ ಬಂದಿದ್ದರೂ ತೋರಿಸಿಕೊಟ್ಟಿದ್ದಳು. ಅದು ಕಾಕಾನ ಇಂಜಿನ್ ಬಂದು ಎರಡು ಮಳೆಗಾಲ ಕಳೆದ ಬೇಸಿಗೆ.

ಕಾಕಾ ಭೂಸನೂರಿನ ಕಡೆ ಕಬ್ಬಿನ ಗಾಣಗಳಲ್ಲಿ ಎರಡು ವರ್ಷ ದುಡಿದು, ಇಂಜಿನ್ನಿನ ಹುಚ್ಚು ಹತ್ತಿಸಿಕೊಂಡು ಬಂದಿದ್ದ. ಗಾಣ ತಿರುಗಿಸಿ ಸವೆದಿದ್ದ ಒಂದು ಡೀಸೆಲ್ ಇಂಜಿನ್ನನ್ನು ಬಂಡಿಯಲ್ಲಿ ಹೇರಿಕೊಂಡು ಬಂದು ದೋಣಿಯ ಹಿಂಬದಿಗೆ ಕೂರಿಸಿದ. ದೋಣಿಯ ಹಿಂದೆ ನೀರಿಗೆ ಎದೆಯೊಡ್ಡಿ ನಿಲ್ಲುವ ಅಡ್ಡ ಹಲಗೆಗೆ ನಮ್ಮಲ್ಲಿ ಬೆನ್ನ ಹಲಗೆ ಎನ್ನುತ್ತಿದ್ದರು. ಅದರ ನಡುವೆ ಬಳೆಯಗಲದ ತೂತು ಕೊರೆದು ನೀರು ತಳ್ಳುವ ಪಂಖದ ಸರಳು ಹಾಯಿಸಿದ. ಎಡಕ್ಕೆರಡು, ಬಲಕ್ಕೆರಡು ಬೋಲ್ಟ್ ಬಿಗಿದ. ಅದು ಮೊದಲ ಸಲ ಬುಡುಬುಡು ಎನ್ನುತ್ತ ಪ್ರವಾಹವನ್ನು ಸೀಳಿಕೊಂಡು ಹೋದಾಗ ದಂಡೆಯ ಮೇಲೆ ಜನ ಸೀಟಿ ಹೊಡೆದರು. ಆಯಿ ಮಾತ್ರ ಒಂದೇ ಮಾತು ಕೇಳಿದ್ದಳು.

“ತೂತಿನ ಒಳಮೈಗಿ ಎಣ್ಣಿ ಕುಡಿಸೀದೇನಲೇ?”

“ಬೋಲ್ಟ್ ಬಿಗಿದೇನಿ ಯವ್ವಾ. ಇರುವಿನೂ ನುಸುಳಂಗಿಲ್ಲ. ನೀ ಯಾಕ ಫಿಕರ್ ಮಾಡ್ತಿ?”

ಇರುವೆ ನುಸುಳಲಿಲ್ಲ, ನೀರು ನುಸುಳಿತು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಬೆನ್ನ ಹಲಗೆ ತೊಟತೊಟ ಸೋರತೊಡಗಿತು. ದೋಣಿಯನ್ನು ಮೇಲೆಳೆದು ಒಣಗಿಸಲು ಕಾಕಾನಿಗೆ ತಾಳ್ಮೆಯೆಲ್ಲಿಂದ ಬರಬೇಕು? ಹಿಂಬದಿಯನ್ನಷ್ಟೇ ದಂಡೆಗೆ ಎತ್ತಿ, ಹಸಿ ಹಲಗೆಯ ಹೊರಗೂ ಒಳಗೂ ತಗಡಿನ ಪತ್ರಾ ಹೊಡೆದು, ಅಂಚಿಗೆಲ್ಲ ಡಾಂಬರು ಮೆತ್ತಿ ಒಂದೇ ದಿನದಲ್ಲಿ ಮುಗಿಸಿಬಿಟ್ಟ. ಸೋರುವುದು ನಿಂತಿತು. ನೋಡಲೂ ಛಂದ ಕಾಣುತ್ತಿತ್ತು, ಮದುವೆಯ ಟ್ರಂಕಿನ ಹಾಗೆ.

ಮರುಬೇಸಿಗೆಗೆ ಇಂಜಿನ್ ಕಳಚಿಟ್ಟು ದೋಣಿಯನ್ನು ಮನೆಗೆ ತಂದರು. ಆ ವರ್ಷ ಕಾಕಾನ ಹೆಂಡತಿ ಮಹಾದೇವಿ ಕಾಕುವಿಗೆ ಚೊಚ್ಚಲ ಬಸಿರು. ಅವಳ ತವರು ಆಚೆ ದಂಡೆಯಿಂದ ಒಳಗೆ, ಅಂದೋಲಾದ ಕಡೆ. ಸೀಮಂತದ ಕುಬಸ ಮುಗಿದ ಮೇಲೆ ಒಣ ನದಿಯಲ್ಲೇ ಬಂಡಿ ಹೂಡಿ ಕಳಿಸಿಬಿಡೋಣ ಎಂದು ಅವ್ವ ಹೇಳಿದಳು. ಕಾಕಾ ಕೇಳಲಿಲ್ಲ.

“ಉಸುಕಿನಾಗ ಬಂಡಿ ಜಗ್ಗಿ ಜಗ್ಗಿ ಬಸರ ಹೆಣ್ಮಗಳ ಸೊಂಟ ಮುರೀತದ, ವೈನಿ. ನದಿಗಿ ನೀರು ಬರ್ಲಿ. ನನ್ನ ಇಂಜಿನ್ ದೋಣಿಯಾಗ ರಾಣಿ ಒಯ್ದಂಗ ಒಯ್ತೇನಿ.”

ಹಾಗಾಗಿ ಕಾರಹುಣ್ಣಿಮೆಯಾದ ಮೇಲೆ, ನದಿಗೆ ಹೊಸ ನೀರು ಬಂದ ಮೊದಲ ದಿನವೇ ಕಾಕು ಹೊರಡುವುದೆಂದು ನಿಕ್ಕಿಯಾಯಿತು. ಅಷ್ಟರಲ್ಲಿ ಅವಳಿಗೆ ಒಂಬತ್ತು ತುಂಬುತ್ತಿತ್ತು. ಹೊಸ ನೀರೆಂದರೆ ಹಾಲಿನಂಥ ನೀರಲ್ಲ. ಕೆಂಪಗೆ, ಬೇರು ಸಮೇತ ಜಾಲಿಗಿಡಗಳನ್ನು ಹೊತ್ತು ತರುವ ನೀರು. ನಡುಹೊಳೆಯಲ್ಲಿ ಹಿಂದಿನ ಹಲಗೆ ಕೈಕೊಟ್ಟರೆ ಈಜು ಬಲ್ಲ ಗಂಡಸರೇ ಉಳಿಯುವುದಿಲ್ಲ. ಈ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆಯಿ ಮಾತ್ರ ದಿನಕ್ಕೊಮ್ಮೆ ದೋಣಿಯ ಹಿಂಬದಿಗೆ ಹೋಗಿ ಪತ್ರಾದ ಮೇಲೆ ಬೆರಳ ಗಿಣ್ಣಿನಿಂದ ಕುಟ್ಟುತ್ತಿದ್ದಳು, ಮೂಗು ಹಚ್ಚಿ ಮೂಸುತ್ತಿದ್ದಳು. ರೋಗನ ಕುದಿಯಿತು, ಇಳಿಯಿತು, ಇಳಿದ ದಿನವೇ ಅವಳು ಬಾಯಿ ತೆರೆದಳು.

“ಲೇ ಶರಣ್ಯಾ, ಪತ್ರಾ ಕೀಳು. ಹಲಗಿ ನೋಡಬೇಕು ನಾ.”

“ನಿನ್ನ ಕಣ್ಣಿಗಿ ನಾನೇ ಕಾಣಂಗಿಲ್ಲ, ಹಲಗಿ ಏನ ನೋಡ್ತಿ? ಪಕ್ಕಾ ಕೆಲಸ ಅದು. ದೀಪಾವಳಿಯಿಂದ ಒಂದ ಹನಿ ಸೋರಿಲ್ಲ.”

“ಸೋರಿಲ್ಲಂತನೇ ಕೀಳು ಅನ್ನಾಕತ್ತೇನಿ.”

ಕಾಕಾ ನಕ್ಕುಬಿಟ್ಟ. ಓಣಿಯ ಗಂಡಸರೂ ನಕ್ಕರು. ಮುದುಕಿಗೆ ಇಂಜಿನ್ನಿನ ಮೇಲೆ ಹೊಟ್ಟೆಕಿಚ್ಚು, ಸವತಿ ಬಂದಂಗಾಗಿದೆ ಎಂದರು. ಆಯಿಗೆ ಸಿಟ್ಟು ಬಂದರೆ ಅವಳು ಮಾತು ನಿಲ್ಲಿಸಿ ರೊಟ್ಟಿ ತಟ್ಟಲು ಕೂರುವವಳು. ಅವತ್ತು ನಮ್ಮ ಮನೆಯಲ್ಲಿ ಇಪ್ಪತ್ತು ರೊಟ್ಟಿ ಹೆಚ್ಚಾದವು.

ಕಾರಹುಣ್ಣಿಮೆಗೆ ಎರಡು ದಿನ ಮುಂಚೆ ದೋಣಿಗೆ ನೀರು ಕುಡಿಸುವ ದಿನ. ಬೇರೆ ದಂಡೆಗಳಲ್ಲಿ ಇದನ್ನು ಮಾಡುತ್ತಾರೋ ಇಲ್ಲವೋ ನಾನರಿಯೆ. ದೋಣಿಯನ್ನು ಹೊರಳಿಸಿ ನೆಟ್ಟಗೆ ಇಟ್ಟು, ಈಗ ಇಂಜಿನ್ನಿನ ತೂತುಗಳಿಗೂ ಬಿರಡೆ ಜಡಿದು, ಅದರ ಹೊಟ್ಟೆಯೊಳಗೆ ನೀರು ತುಂಬಬೇಕು. ಹೊರಗಿನಿಂದ ಒಳಗೆ ಬರುವ ದಾರಿ ಯಾವುದೋ, ಒಳಗಿನಿಂದ ಹೊರಗೆ ಹೋಗುವ ದಾರಿಯೂ ಅದೇ ಅಲ್ಲವೇ? ವರ್ಷವಿಡೀ ದಾಟುವವರೇ ನೀರು ಹೊರಬೇಕೆಂಬುದು ಓಣಿಯ ಪದ್ಧತಿ. ಮುಂಜಾನೆ ಹೆಂಗಸರೆಲ್ಲ ಮಡುವಿನಿಂದ ಕೊಡ ಹೊತ್ತು ತಂದರು. ಸುರಿದರು, ಮತ್ತೆ ಹೋದರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನಮ್ಮ ಅಂಗಳದಲ್ಲಿ ಒಂದು ಕೆರೆ! ಬಿರಿದ ನೆಲದ ನಡುವೆ, ಧೂಳಿನ ನಡುವೆ, ನನ್ನ ಮೊಣಕಾಲು ಮುಳುಗುವಷ್ಟು ನೀರು ಆಕಾಶವನ್ನು ಇಟ್ಟುಕೊಂಡು ಸುಮ್ಮನೆ ನಿಂತಿತ್ತು. ಗುಬ್ಬಿಗಳು ಎಲ್ಲಿಂದಲೋ ಬಂದು ಅಂಚಿನ ಮೇಲೆ ಕೂತವು. ನಾನು ಎಷ್ಟೋ ಸಮುದ್ರ ನೋಡಿದ್ದೇನೆ ಆಮೇಲೆ, ಅಷ್ಟು ಬೆರಗಾಗಿ ಯಾವುದನ್ನೂ ನೋಡಿಲ್ಲ.

ಆಮೇಲೆ ಆಯಿಯ ಕೆಲಸ. ಅಂಗೈಯನ್ನು ಹಲಗೆಗೆ ಹಚ್ಚಿ ದೋಣಿಯನ್ನು ಸುತ್ತುತ್ತಾ ಬಂದಳು. ಬೇಸಿಗೆಯೆಲ್ಲ ಒಣಗಿದ ಹಲಗೆಗಳು ಮೊದಲು ಒಂದಿಷ್ಟು ಬೆವರುತ್ತವೆ, ನೀರು ಕುಡಿದು ಉಬ್ಬಿದ ಮೇಲೆ ತಾವೇ ಸಂದಿ ಮುಚ್ಚಿಕೊಳ್ಳುತ್ತವೆ. ಒಂದೊಂದು ಹಲಗೆ ತೇವವಾದಾಗಲೂ ಆಯಿ ಅದನ್ನು ಕೂಸಿನಂತೆ ತಟ್ಟಿ, “ಅಳು ನನ್ನವ್ವಾ, ಅಳು” ಎನ್ನುತ್ತಿದ್ದಳು. ಸಂಜೆಯ ಹೊತ್ತಿಗೆ ಒಂದೊಂದೇ ಅಳು ನಿಲ್ಲಿಸಿದವು. ಬೆನ್ನ ಹಲಗೆ ಒಂದೇ ಒಂದು ಹನಿಯನ್ನೂ ಬಿಟ್ಟಿರಲಿಲ್ಲ. ಮರುದಿನವೂ ಬಿಡಲಿಲ್ಲ. ಕಾಕಾ ಪತ್ರಾದ ಮೇಲೆ ಅಂಗೈಯಿಂದ ಬಡಿದು ಓಣಿಗೆಲ್ಲ ಕೇಳುವಂತೆ ಕೂಗಿದ.

“ನೋಡ್ರಿ, ಬರ್ರಿ! ಎಲ್ಲಾ ಹಲಗಿ ಅತ್ತಾವ, ನಂದೊಂದು ಅತ್ತಿಲ್ಲ!”

ಆಯಿ ಬಾಗಿಲ ಕಲ್ಲಿನ ಮೇಲೆ ಕೂತಿದ್ದಳು. ಅಲ್ಲಿಂದಲೇ ಹೇಳಿದಳು.

“ಜೀವ ಇದ್ದದ್ದು ಅಳತದ ಮಗಾ. ಸತ್ತದ್ದು ಅಳಂಗಿಲ್ಲ.”

“ಸೋರಿದ್ರೂ ತಪ್ಪು, ಸೋರದಿದ್ರೂ ತಪ್ಪೇನ ಯವ್ವಾ? ನಿನ್ನ ನ್ಯಾಯ ಯಾವ ಕೋರ್ಟಿನಾಗ ಅದ?”

ಜನ ಮತ್ತೆ ನಕ್ಕರು. ಆಯಿ ನಗಲಿಲ್ಲ, ಬೈಯಲೂ ಇಲ್ಲ. ನಮ್ಮ ಮನೆಯ ಹಳೆಯ ಕಟ್ಟಳೆಯೊಂದನ್ನು ಮಾತ್ರ ನೆನಪಿಸಿದಳು. ಬೆನ್ನ ಹಲಗೆಯನ್ನು ಯಾರು ಭದ್ರ ಮಾಡಿರುತ್ತಾರೋ ಅವರೇ ಹೊಸ ನೀರಿನ ಮೊದಲ ದಾಟಿಗೆ ಅದಕ್ಕೆ ಬೆನ್ನು ಕೊಟ್ಟು ಕೂರಬೇಕು. ಅಷ್ಟು ವರ್ಷವೂ ಅವಳೇ ಕೂತಿದ್ದಳು. ಈ ವರ್ಷ ಭದ್ರ ಮಾಡಿದವನು ಕಾಕಾ. ಕಾಕಾ ತಾನು ಇಂಜಿನ್ ನೋಡಬೇಕು, ನಿಂತೇ ಇರಬೇಕು, ಬೆನ್ನು ಕೊಟ್ಟು ಕೂರಲು ಹೇಗಾಗುತ್ತದೆ ಎಂದ.

“ನೀ ಕುಂದರಾಕ ಆಗದಿದ್ರ ನಿನ್ನ ಅರ್ಧ ಕುಂದರ್ಲಿ. ಹೆಂಗೂ ಅಕಿನೂ ಅವತ್ತೇ ದಾಟಾಕಿ.”

ಅಂಗಳದ ನಗು ನಿಂತುಹೋಯಿತು. ಕಾಕು ಒಳಗೆ ಜೋಳ ಹಸನು ಮಾಡುತ್ತಿದ್ದಳು. ಮೊರ ಹಿಡಿದುಕೊಂಡೇ ಹೊರಗೆ ಬಂದಳು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಗಂಡನೊಂದಿಗೆ ಹತ್ತು ಜನರ ಮುಂದೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಮಾತಾಡಿದಳು. ದನಿ ಏರಿಸಲಿಲ್ಲ, ತಲೆಯ ಮೇಲಿನ ಸೆರಗನ್ನೂ ಜಾರಗೊಡಲಿಲ್ಲ.

“ಹಲಗಿ ಬರೋಬರಿ ಅದ ಅಂತ ನೀವು ಒಂದ ಮಾತು ಹೇಳ್ರಿ. ನಾ ಕುಂದರ್ತೇನಿ.”

ಒಂದೇ ಮಾತು ತಾನೇ? ಎರಡು ದಿನದಿಂದ ಓಣಿಗೆಲ್ಲ ಕೂಗಿ ಹೇಳಿದ ಮಾತು. ಕಾಕಾನ ಬಾಯಿಂದ ಹೊರಡಲಿಲ್ಲ. ಅವನು ಅವಳ ಮುಖ ನೋಡಿದ, ಹೊಟ್ಟೆ ನೋಡಿದ, ಆಮೇಲೆ ನೆಲ ನೋಡಿದ. ಕಾಕಾ ಸರಸರ ಹೋಗಿ ಗೋಡೆಗೆ ಒರಗಿಸಿದ್ದ ಹಾರೆ ತಂದು, ಅದರ ಚೂಪನ್ನು ಹೊರಗಿನ ಪತ್ರಾದ ಅಂಚಿಗೆ ಸಿಕ್ಕಿಸಿ ಮೀಟಿದ. “ನೀರು ತಕ್ಕೊಂಡು ಕೀಳೋ!” ಎಂದು ಅಪ್ಪ ಕೂಗುವಷ್ಟರಲ್ಲಿ ತಗಡು ಡಾಂಬರಿನ ಎಳೆ ಎಳೆಯುತ್ತ ಕಿತ್ತು ಬಂತು. ಅದರ ಹಿಂದೆ ಹಲಗೆ ಎಂಬುದು ಇರಲಿಲ್ಲ. ನೆನೆದ ಹೊಟ್ಟಿನಂಥ, ಕಪ್ಪಗಿನ, ನಾರುವ ಏನೋ ಒಂದು ಧಪ್ಪೆಂದು ಕೆಳಗೆ ಬಿತ್ತು. ಒಂದು ಕ್ಷಣ ಒಳಗಿನ ತಗಡೊಂದೇ ಅಷ್ಟೂ ನೀರನ್ನು ತಡೆದು ನಿಂತಿತ್ತು. ಅದು ಹೊಟ್ಟೆಯುಬ್ಬಿದಂತೆ ಹೊರಗೆ ಬಾಗಿತು, ಮೊಳೆಗಳು ಪಟಪಟ ಸಿಡಿದವು, ಅಷ್ಟೇ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಹಾಗಾಯಿತು. ಓಣಿಯ ಹೆಂಗಸರು ಅರ್ಧ ದಿನ ಹೊತ್ತ ನೀರು ಒಂದೇ ಉಸಿರಿಗೆ ಗುಡುಗುತ್ತ ಹೊರಬಿತ್ತು. ಕಾಕಾನನ್ನು ಕೆಡವಿತು, ಕೋಳಿಯ ಬುಟ್ಟಿಯನ್ನು ಎತ್ತಿಕೊಂಡು ಹೋಯಿತು, ಹೊಸ್ತಿಲು ದಾಟಿ ಅಡುಗೆ ಮನೆಗೆ ನುಗ್ಗಿ ಒಲೆಯನ್ನು ಚುಂಯ್ ಎನಿಸಿತು. ಅಪ್ಪ ಕಾಕುವನ್ನು ತೋಳು ಹಿಡಿದು ಕಟ್ಟೆಯ ಮೇಲೆ ಎಳೆದುಕೊಂಡಿದ್ದ. ನೀರೆಲ್ಲ ಹರಿದು ಹೋಯಿತು. ದೋಣಿಯ ಹಿಂಬದಿ ಬಾಯಿ ತೆರೆದುಕೊಂಡಿತ್ತು. ಇದೇ ನೀರು ನಡುಹೊಳೆಯಲ್ಲಿ ಹೊರಗಿನಿಂದ ಒಳಗೆ ಬರುತ್ತಿತ್ತು ಎಂಬುದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಕಾಕಾ ಕೆಸರಿನಲ್ಲಿ ಕೂತೇ ಇದ್ದ.

“ಮೊಳಿ ಹೊಡಿಯೋವಾಗ ಸುತ್ತಗಿನೇ ಬೇಕಾಗಿರ್ಲಿಲ್ಲ ಯವ್ವಾ. ಹೆಬ್ಬಟ್ಟಿಲೇ ಒಳಗ ಹ್ವಾದವು. ನಂಗ ಅವತ್ತೇ ಗೊತ್ತಾಗಿತ್ತು.”

“ಮತ್ತ ಯಾಕ ಹೇಳಲಿಲ್ಲೋ?”

“ನೀ ಎಣ್ಣಿ ಕುಡಿಸೀದೇನು ಅಂತ ಕೇಳಿದ್ದಿ. ಹೆಂಗ ಹೇಳ್ಲಿ?”

ಆಯಿ ತಡವರಿಸುತ್ತ ಕೆಸರು ತುಳಿದು ಹೋಗಿ ಅವನ ತಲೆಗೆ ಒಂದು ಏಟು ಕೊಟ್ಟಳು. ಆಮೇಲೆ ಅದೇ ಕೈಯಿಂದ ಅವನ ಕಿವಿಯೊಳಗಿನ ಕೆಸರು ಒರೆಸಿದಳು. ಮೂವತ್ತರ ಗಂಡಸು ಕೂಸಿನಂತೆ ಬಿಕ್ಕಿದ. ಅವನು ಮಾಡಿದ ತಪ್ಪು ಸೋರಲು ಬಿಟ್ಟದ್ದಲ್ಲ, ಹಸಿಯನ್ನು ಒಳಗಿಟ್ಟು ಮುಚ್ಚಿದ್ದು ಎಂದು ಆಯಿ ನನಗೆ ಆಮೇಲೆ ಹೇಳಿದಳು. ಬೋಲ್ಟಿನ ತೂತಿನಲ್ಲಿ ಮರದ ಹಸಿ ಮೈ ಹಾಗೇ ಇತ್ತಲ್ಲ, ನೀರು ಅಲ್ಲಿಂದ ಎಳೆ ಎಳೆಯಾಗಿ ಹತ್ತಿತು. ಮೇಲೆ ತಗಡು ಬಿದ್ದದ್ದೇ ಹೊರಗೆ ಹೋಗುವ ದಾರಿಯೂ ಮುಚ್ಚಿತು.

ಹೊಸ ಹಲಗೆಗೆ ಒಣಗಿದ ಜಾಲಿಯೇ ಬೇಕು. ಹೊಸ ನೀರಿಗೆ ಹತ್ತು ದಿನವೂ ಇರಲಿಲ್ಲ, ಒಣ ಜಾಲಿಯನ್ನು ಎಲ್ಲಿಂದ ತರುವುದು? ಆಯಿ ಒಳಗೆ ಹೋಗಿ ತನ್ನ ಹಾಸಿಗೆ ಸುತ್ತಿಟ್ಟಳು. ಅವಳು ಮಲಗುತ್ತಿದ್ದುದು ಎರಡು ಕಲ್ಲಿನ ಮೇಲೆ ಹಾಕಿದ ಒಂದು ಅಗಲ ಜಾಲಿ ಹಲಗೆಯ ಮೇಲೆ. ಹದಿನೈದು ವರ್ಷ ಅವಳ ಮೈ ಕಾವಿನಲ್ಲಿ ಒಣಗಿದ ಹಲಗೆ ಅದು. “ಒಯ್ಯಿರಿ” ಎಂದಳು. ಅವತ್ತಿನಿಂದ ಸಾಯುವ ತನಕ ಫರಸಿಯ ಮೇಲೆಯೇ ಮಲಗಿದಳು. ಬಡಿಗೇರರು ಹಲಗೆ ಕೊಯ್ದು ಕೂರಿಸಿದರು. ಕಾಕಾ ತೂತು ಕೊರೆದ. ತೂತಿನ ಒಳಮೈಗೆ ಬಿಸಿ ರೋಗನವನ್ನು ಎಣ್ಣೆ ಒಲ್ಲೆನ್ನುವ ತನಕ ಕುಡಿಸಬೇಕು. ಎಲ್ಲಾದರೂ ಬೆಳ್ಳಗೆ ಉಳಿಯಿತೋ ನೋಡುತ್ತಲೇ ಇರಬೇಕು. ಆಯಿ ಕೋಳಿಯ ಪುಕ್ಕ ಅದ್ದಿ ತೂತಿಗೆ ಇಳಿಸಲು ಹೋಗಿ, ಹಲಗೆಯ ಮೇಲೆ ಬೇರೆಲ್ಲೋ ಇಳಿಸಿದಳು. ಎರಡನೆಯ ಸಲವೂ ಹಾಗೇ ಆಯಿತು. ಕಾಕು ಹಿಂದಿನಿಂದ ಬಂದು ಆ ಪುಕ್ಕವನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡಳು.

“ನೀವು ಹೇಳ್ರಿ ಅತ್ತಿ, ನಾ ಮಾಡ್ತೇನಿ.”

“ಈ ಹೊಟ್ಟಿ ಹೊತ್ಕೊಂಡು ಬಗ್ಗಾಕ ಆಗತದೇನ ಬೇ?”

“ಇದಕ್ಕ ಬೆನ್ನು ಕೊಟ್ಟು ಕುಂದರಾಕಿ ನಾನಲ್ಲೇನ್ರಿ?”

ತುಂಬು ಬಸುರಿ ಒಂದು ಮಣೆ ಹಾಕಿಕೊಂಡು ದೋಣಿಯ ಹಿಂದೆ ಎರಡು ದಿನ ಕೂತಳು. ಪುಕ್ಕ ತಲುಪದ ಕಡೆ ಕಿರುಬೆರಳಿಗೆ ಅರಿವೆ ಸುತ್ತಿ ಸವರಿದಳು. ಸುಟ್ಟುಕೊಂಡರೆ ಬೆರಳನ್ನು ಬಾಯಿಗಿಟ್ಟು ಮತ್ತೆ ಇಳಿಸಿದಳು. ಆಯಿ ಪಕ್ಕದಲ್ಲಿ ನಿಂತು ಮೂಸಿ ನೋಡಿಯೇ ಹೇಳುತ್ತಿದ್ದಳು: ಇನ್ನೊಂದೀಟು, ಇನ್ನೂ ಕುಡೀತದ ಅದು, ಹ್ಞಾಂ ಈಗ ಸಾಕಂತದ. ಪುಂಡಿ ನಾರು ಬಡಿದು ತುಂಬಿದ್ದೂ ಕಾಕುವೇ. ಕಾಕಾ ಅವಳು ಕೇಳಿದ್ದನ್ನು ಕೇಳಿದಾಗ ಕೈಗೆ ಕೊಡುತ್ತ ನಿಂತಿದ್ದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ಜನ ಕುಹಕಕ್ಕೆ ಆಡುತ್ತಾರೆ. ಆ ಕಾಲ ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ದಾಟುವುದನ್ನು ನಾನು ಕಣ್ಣಾರೆ ಕಂಡೆ, ಅಲ್ಲಿ ಕುಹಕವೇನೂ ಇರಲಿಲ್ಲ. ಮತ್ತೆ ನೀರು ಕುಡಿಸಿದಾಗ ಹೊಸ ಹಲಗೆ ಅಂಚಿನಲ್ಲಿ ಸಣ್ಣಗೆ ಬೆವರಿತು, ಮೂರನೆಯ ದಿನ ನಿಂತಿತು. ಆಯಿ ಚಪಾತಿ ಮುರಿದು ಬೆಲ್ಲ ಕಲಸಿ ಮಾಲ್ದಿ ಮಾಡಿ ಓಣಿಗೆ ಹಂಚಿದಳು.

ಹೊಸ ನೀರು ಬಂತು. ಕೆಂಪು ನೀರು, ನೊರೆ, ಅದರ ಮೇಲೆ ತೇಲುವ ಕಸಕಡ್ಡಿ. ಕಾಕು ಕುಬಸದ ಹಸಿರು ಸೀರೆಯುಟ್ಟು ಬಂದು, ಇಂಜಿನ್ನಿನ ಎಡಕ್ಕೆ ಬೆನ್ನ ಹಲಗೆಗೆ ಒರಗಿ ಕೂತಳು. ಅವಳನ್ನು ಬಿಟ್ಟು ಬರಲು ನಾನೂ ಹೊರಟಿದ್ದೆ. ಮುಂದೆ ಅಪ್ಪ ಗಳ ಹಿಡಿದು ನಿಂತಿದ್ದ. ಆಯಿ ದಂಡೆಯಲ್ಲೇ ಉಳಿದಳು. ಇಂಜಿನ್ ಬುಡುಬುಡು ಎನ್ನತೊಡಗಿದಾಗ ಹಲಗೆ ನಡುಗಿತು, ಕಾಕುವಿನ ಭುಜವೂ ನಡುಗಿತು. ನಡುಹೊಳೆಯಲ್ಲಿ ಸೆಳವು ದೋಣಿಯನ್ನು ಪಕ್ಕಕ್ಕೆ ತಳ್ಳಿ ನೀರು ಬೆನ್ನ ಹಲಗೆಗೆ ಧಡಾರನೆ ಅಪ್ಪಳಿಸಿತು. ನಾನು ಕಣ್ಣು ಮುಚ್ಚಿದೆ. ಕಾಕಾನ ಕೂಗು ಇಂಜಿನ್ನಿನ ಸದ್ದನ್ನೂ ಮೀರಿ ಕೇಳಿತು.

“ಬೆನ್ನಿಗಿ ಹಸಿ ಹತ್ತಾಕತ್ತದೇನ?”

ಕಣ್ಣು ತೆರೆದು ನೋಡಿದರೆ ಕಾಕು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ತಲೆಯನ್ನೂ ಹಲಗೆಗೆ ಆನಿಸಿ ಇಲ್ಲವೆಂದು ಅಲ್ಲಾಡಿಸುತ್ತಿದ್ದಳು.

ಆಚೆ ದಂಡೆಯಲ್ಲಿ ಅವಳ ತವರಿನವರು ಬಂಡಿ ಕಟ್ಟಿಕೊಂಡು ಕಾಯುತ್ತಿದ್ದರು. ಕಾಕು ಇಳಿದಳು. ಬೆನ್ನು ಒಣಗಿತ್ತು. ಆದರೆ ಬೋಲ್ಟಿನ ಸುತ್ತ ಮೆತ್ತಿದ್ದ ರೋಗನ ಇನ್ನೂ ಪೂರ್ತಿ ಆರಿರಲಿಲ್ಲವೆಂದು ಕಾಣುತ್ತದೆ, ಹೊಸ ಸೀರೆಯ ಮೇಲೆ ರೂಪಾಯಿ ಬಿಲ್ಲೆಯಷ್ಟು ಅಗಲದ ಎರಡು ಕಂದು ಕಲೆಗಳು ಅಂಟಿದ್ದವು. ಅವಳ ತಾಯಿ ಬೆನ್ನು ಸವರಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಅಯ್ಯ ನನ್ನವ್ವ, ಕುಬಸದ ಸೀರಿ! ಇದೇನ ಹೊಲಸಬೇ? ಇದು ಜನ್ಮದಾಗ ಹೋಗಂಗಿಲ್ಲ!”

“ಇರ್ಲಿ ಬಿಡವ್ವ. ಅವು ನಾ ಮುಚ್ಚಿದ ತೂತು.”

ನಮ್ಮ ಕಡೆ ಗಂಡ ಮುಂದೆ ನಡೆಯುತ್ತಾನೆ, ಹೆಂಡತಿ ಹತ್ತು ಹೆಜ್ಜೆ ಹಿಂದೆ. ಮಾವನ ಮನೆಯವರ ಎದುರಿಗಂತೂ ಅದು ತಪ್ಪುವುದಿಲ್ಲ. ಕಾಕಾ ಇಂಜಿನ್ ನಿಲ್ಲಿಸಿ ಇಳಿದು ಬಂದ, ಅವಳ ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡ. “ಮುಂದ ನಡೀರಿ ಅಳಿಯಂದಿರ” ಎಂದು ಮಾವ ದಾರಿ ಬಿಟ್ಟರು. ಕಾಕಾ ಕದಲಲಿಲ್ಲ. ಕಾಕು ದಂಡೆ ಹತ್ತತೊಡಗಿದ ಮೇಲೆ, ಅವಳ ಬೆನ್ನಿನಿಂದ ಕಣ್ಣು ಕೀಳದೆ ಅವಳ ಹಿಂದೆ ನಡೆದ.